ಹಲ್ಲಿನ ಕ್ಲಿಪ್ಪಿಗೆ ಒಪ್ಪುವ ಬಣ್ಣ ಹುಡುಕಿದ್ದು

"ಯಾವ ಬಣ್ಣ ಹಾಕ್ಲಿ?" ಅಂತ ಅಸಿಸ್ಟೆಂಟ್ ಕೇಳಿದಾಗ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ತುಟಿ, ಕೆನ್ನೆ ಎರಡನ್ನೂ ಎಳೆದು ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು ಬಾಯಲ್ಲಿತ್ತು. ಮುಕ್ಕಾಲು ಗಂಟೆಯಿಂದ ಹಾಗೇ ಮಲಗಿದ್ದೆ. ಅವರು ನನ್ನ ಕಣ್ಣ ಮುಂದೆ ಬಳೆಯಂಥ ಒಂದು ರಿಂಗ್ ಹಿಡಿದರು. ಅದಕ್ಕೆ ಪೋಣಿಸಿದ ಪುಟ್ಟ ಪುಟ್ಟ ಕಡ್ಡಿಗಳು. ಒಂದೊಂದು ಕಡ್ಡಿಯಲ್ಲೂ ಒಂದೊಂದು ಬಣ್ಣದ ರಬ್ಬರ್ ಉಂಗುರಗಳು. ಮೂವತ್ತರ ಮೇಲಿದ್ದವು ಬಣ್ಣಗಳು. ನಾನು ಬೆರಳು ಚಾಚಿ, ಬಣ್ಣವೇ ಇಲ್ಲದ ಪಾರದರ್ಶಕ ಕಡ್ಡಿಯನ್ನು ತೋರಿಸಿದೆ.

ನನಗಾಗ 29 ವರ್ಷ. ಈ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುತ್ತಿದ್ದೇನೆ, ಆದಷ್ಟು ಯಾರ ಕಣ್ಣಿಗೂ ಬೀಳದಿದ್ದರೆ ಸಾಕು. ಮನಸ್ಸಿನಲ್ಲಿ ಇದ್ದದ್ದು ಅದೊಂದೇ. ಕ್ಲಿಪ್ಪಿಗೆ ಬಣ್ಣ ಆರಿಸುವುದು ಅಂತ ಒಂದು ಕೆಲಸ ಇದೆ ಅನ್ನುವುದೇ ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಹಲ್ಲಿನ ಫೋಟೋ, ಎಕ್ಸ್‌ರೇ, ಅಚ್ಚು, ಎಷ್ಟು ತಿಂಗಳು ಬೇಕು, ಎಷ್ಟು ನೋವು ಎಲ್ಲ ಕೇಳಿ ತಿಳಿದುಕೊಂಡಿದ್ದೆ. ಬಣ್ಣದ ವಿಷಯ ಯಾರೂ ಎತ್ತಿರಲಿಲ್ಲ. ಕೊನೆಯ ಎರಡು ನಿಮಿಷದಲ್ಲಿ ಬಂದ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಮುಂದಿನ ಐದು ವಾರ ನನ್ನ ಮುಖದ ಮೇಲೆ ಇರುತ್ತದೆ ಅಂತ ಆಗ ಹೊಳೆಯಲಿಲ್ಲ.

ಕ್ಲಿಪ್ ಇಲ್ಲದವರಿಗೆ ಈ ಉಂಗುರ ಏನು ಅಂತ ಸ್ವಲ್ಪ ಹೇಳಬೇಕು. ಪ್ರತಿ ಹಲ್ಲಿನ ಮುಂಭಾಗಕ್ಕೆ ಒಂದು ಸಣ್ಣ ಬ್ರ್ಯಾಕೆಟ್ ಅಂಟಿಸುತ್ತಾರೆ. ನನಗೆ ಮೇಲೆ ಹತ್ತು, ಕೆಳಗೆ ಹತ್ತು. ಬ್ರ್ಯಾಕೆಟ್‌ನ ನಡುವೆ ಒಂದು ಸೀಳು ಇರುತ್ತದೆ. ತಂತಿ ಕೂರುವುದು ಅದರಲ್ಲಿ. ಆ ತಂತಿ ಹೊರಗೆ ಬರದ ಹಾಗೆ ಬ್ರ್ಯಾಕೆಟ್‌ನ ನಾಲ್ಕು ರೆಕ್ಕೆಗಳಿಗೆ ಸಿಕ್ಕಿಸುವ ಪುಟ್ಟ ಉಂಗುರವೇ ಈ ಬಣ್ಣದ ರಬ್ಬರ್. ರಬ್ಬರ್ ಅಂತ ಎಲ್ಲರೂ ಕರೆಯುತ್ತಾರೆ. ಆದರೆ ಸಾಮಾನ್ಯವಾಗಿ ಅದು ಪಾಲಿಯುರೇಥೇನ್ ಅನ್ನುವ ಹಿಗ್ಗುವ ಪ್ಲಾಸ್ಟಿಕ್. ಬಾಯಿಯ ಬಿಸಿ, ಜೊಲ್ಲು ಸೇರಿ ಅದರ ಬಿಗಿ ಮೊದಲ ದಿನವೇ ಸಾಕಷ್ಟು ಸಡಿಲವಾಗುತ್ತದೆ. ಅದಕ್ಕೇ ಪ್ರತಿ ಭೇಟಿಯಲ್ಲೂ ಹಳೆಯದನ್ನು ತೆಗೆದು ಹೊಸದು ಹಾಕುತ್ತಾರೆ. ಬಣ್ಣ ಬದಲಾಯಿಸಲು ನಮಗೆ ಸಿಗುವ ಅವಕಾಶ ಬರುವುದೇ ಹೀಗೆ. ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ನಾವೇ ಸಿಕ್ಕಿಸಿಕೊಳ್ಳುವ ರಬ್ಬರ್ ಬ್ಯಾಂಡ್ ಬೇರೆ. ಎರಡನ್ನೂ ಒಂದೇ ಅಂದುಕೊಂಡು ನಾನು ಮೊದಲು ಗೊಂದಲ ಮಾಡಿಕೊಂಡಿದ್ದೆ.

ಬ್ರ್ಯಾಕೆಟ್‌ಗೆ ಬಾಗಿಲಿನಂಥ ಮುಚ್ಚಳವೇ ಇರುವ ಕ್ಲಿಪ್‌ಗಳೂ ಇವೆ. ಅದಕ್ಕೆ ಉಂಗುರ ಬೇಕಿಲ್ಲ. ಬಣ್ಣದ ಚಿಂತೆಯೇ ಬೇಡ ಅನ್ನುವವರು ಶುರುವಿನಲ್ಲೇ ಡಾಕ್ಟರ್ ಹತ್ತಿರ ಅದನ್ನು ಕೇಳಬಹುದು. ನನ್ನದು ಮಾಮೂಲಿ ಸ್ಟೀಲ್ ಬ್ರ್ಯಾಕೆಟ್.

ಪಾರದರ್ಶಕ ಉಂಗುರ ಹಾಕಿದ ದಿನ ಕನ್ನಡಿ ನೋಡಿ ಖುಷಿಯಾಯಿತು. ಲೋಹ ಕಾಣುತ್ತಿತ್ತು, ಆದರೆ ಬೇರೇನೂ ಇಲ್ಲ. ಹಲ್ಲು ಎಂದಿಗಿಂತ ಬೆಳ್ಳಗೆ ಕಂಡವು. ಈ ಬೆಳ್ಳಗೆ ಕಂಡದ್ದರ ಗುಟ್ಟು ತಿಳಿಯಲು ನನಗೆ ಮೂರು ಭೇಟಿ ಬೇಕಾಯಿತು. ಬಾಯಿ ತೆರೆದು, ಗಾಳಿ ಊದಿ ಹಲ್ಲನ್ನು ಒಣಗಿಸಿ ಕೆಲಸ ಮಾಡುತ್ತಾರಲ್ಲ, ಆಗ ಹಲ್ಲಿನ ಹೊರಪದರವಾದ ಎನಾಮಲ್‌ನ ತೇವ ಆರುತ್ತದೆ. ಒಣಗಿದ ಎನಾಮಲ್ ಸ್ವಲ್ಪ ಹೊತ್ತು ಬಿಳಿಯಾಗಿ ಕಾಣುತ್ತದೆ. ಜೊಲ್ಲು ಮತ್ತೆ ತೋಯಿಸಿದ ಮೇಲೆ ಹಲ್ಲು ತನ್ನ ನಿಜವಾದ ಬಣ್ಣಕ್ಕೆ ಮರಳುತ್ತದೆ. ಹಾಗಾಗಿ ಡಾಕ್ಟರ್ ಕುರ್ಚಿಯಲ್ಲಿ ಕೊಡುವ ಕನ್ನಡಿ ನೋಡಿ ಬಣ್ಣದ ಬಗ್ಗೆ ತೀರ್ಮಾನ ಮಾಡಲೇಬಾರದು. ಅಲ್ಲಿ ಕಾಣುವುದು ನಮ್ಮ ದಿನನಿತ್ಯದ ಹಲ್ಲು ಅಲ್ಲ.

ಒಂಬತ್ತನೇ ದಿನಕ್ಕೆ ಪಾರದರ್ಶಕ ಉಂಗುರಗಳು ಹಳದಿಯಾದವು. ಮೊದಲು ಬಾಚಿಹಲ್ಲಿನವು, ಆಮೇಲೆ ಪಕ್ಕದವು. ನಾನು ದಿನಕ್ಕೆ ಮೂರು ಸಲ ಕಾಫಿ ಕುಡಿಯುವವಳು. ಕಾಫಿ, ಟೀ, ಅರಿಶಿನ ಈ ಮೂರರ ಬಣ್ಣವನ್ನೂ ಪಾರದರ್ಶಕ ಉಂಗುರ ಸುಲಭವಾಗಿ ಹೀರಿಕೊಳ್ಳುತ್ತದೆ. ಎಷ್ಟು ಬ್ರಶ್ ಮಾಡಿದರೂ ಹೋಗಲಿಲ್ಲ. ಕಲೆ ಮೇಲೆ ಕೂತಿದ್ದಲ್ಲ, ಒಳಗೇ ಇಳಿದಿತ್ತು. ಹಲ್ಲು ಸ್ವಚ್ಛವಾಗಿದ್ದರೂ ನೋಡುವವರಿಗೆ ಹಲ್ಲೇ ಉಜ್ಜಿಲ್ಲ ಅನ್ನಿಸುವ ಹಾಗೆ ಕಾಣುತ್ತಿತ್ತು. ಆ ನಾಲ್ಕು ವಾರ ನಾನು ಕೈ ಅಡ್ಡ ಹಿಡಿದು ನಕ್ಕಿದ್ದೇ ಜಾಸ್ತಿ. ತುಂಬ ಬೇಜಾರಾಗಿತ್ತು. ಹಲ್ಲು ಸರಿಯಾಗಲಿ, ನಿಶ್ಚಿಂತೆಯಿಂದ ನಗಬೇಕು ಅಂತ ತಾನೇ ಇದೆಲ್ಲ ಮಾಡಿಸಿಕೊಳ್ಳುವುದು?

ಎರಡನೇ ಭೇಟಿಗೆ ಬಿಳಿ ಕೇಳಿದೆ. ಹಲ್ಲು ಬಿಳಿ, ಉಂಗುರವೂ ಬಿಳಿ, ಸೇರಿಹೋಗುತ್ತದೆ ಅನ್ನುವುದು ನನ್ನ ಲೆಕ್ಕ. ಅಸಿಸ್ಟೆಂಟ್ ಒಂದು ಕ್ಷಣ ತಡೆದರು. "ಬಿಳಿನಾ? ಸರಿ" ಅಂದು ಹಾಕಿದರು. ಅವರು ತಡೆದದ್ದು ಯಾಕೆ ಅಂತ ಮನೆಗೆ ಬಂದ ಮೇಲೆ ತಿಳಿಯಿತು. ಕಾಗದದಂಥ ಆ ಅಚ್ಚ ಬಿಳಿಯ ಪಕ್ಕದಲ್ಲಿ ನನ್ನ ಹಲ್ಲು ಹಳದಿಯಾಗಿ ಕಂಡವು. ಮೊದಲ ದಿನವೇ, ಯಾವ ಕಲೆಯೂ ಇಲ್ಲದೆ.

ತಂಗಿ ಬಾಗಿಲಲ್ಲೇ ನೋಡಿ, "ಅಕ್ಕಾ, ಇದು ಬೇಡ ಇತ್ತು" ಅಂದಳು. ಆಮೇಲೆ ನನ್ನ ಮುಖ ನೋಡಿ, "ಐದು ವಾರ ಅಷ್ಟೇ ಅಲ್ವಾ" ಅಂತ ಸೇರಿಸಿದಳು.

ಆ ಐದು ವಾರದಲ್ಲೇ ನಾನು ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡದ್ದು. ಇದು ಬರೀ ಶೋಕಿಯ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಒಂದೂವರೆ ಎರಡು ವರ್ಷ ಮುಖದ ನಟ್ಟನಡುವೆ ಇರುವ ವಸ್ತು ಇದು. ಮಾತಾಡುವಾಗ, ನಗುವಾಗ ಎದುರಿನವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅದು ನಮಗೆ ಒಪ್ಪುವ ಹಾಗಿರಲಿ ಅಂತ ಬಯಸುವುದರಲ್ಲಿ ತಪ್ಪೇನಿದೆ?

ಮೊದಲು ಅರ್ಥ ಮಾಡಿಕೊಳ್ಳಬೇಕಾಗಿದ್ದು ಬಿಳಿ ಯಾಕೆ ಕೈಕೊಟ್ಟಿತು ಅನ್ನುವುದನ್ನು. ಹಲ್ಲು ಅಚ್ಚ ಬಿಳಿ ಇರುವುದೇ ಇಲ್ಲ. ಮೇಲಿನ ಎನಾಮಲ್ ಸ್ವಲ್ಪ ಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಹಳದಿ ಛಾಯೆಯದು. ಆ ಹಳದಿ ಎನಾಮಲ್ ಮೂಲಕ ಹೊರಗೆ ಕಾಣುತ್ತದೆ. ಮುಂದಿನ ಸಲ ಹೋದಾಗ ಡಾಕ್ಟರ್ ಹಲ್ಲಿನ ಬಣ್ಣ ಅಳೆಯುವ ಪಟ್ಟಿ ತೆಗೆದು ತೋರಿಸಿದರು. ವೀಟಾ ಅನ್ನುವ ಕಂಪನಿಯದು. ಎ1ರಿಂದ ಡಿ4ರವರೆಗೆ ಹದಿನಾರು ಪುಟ್ಟ ನಕಲಿ ಹಲ್ಲುಗಳು ಸಾಲಾಗಿ ಇರುತ್ತವೆ. ಎ ಗುಂಪು ಕೆಂಪುಮಿಶ್ರಿತ ಕಂದು, ಬಿ ಕೆಂಪುಮಿಶ್ರಿತ ಹಳದಿ, ಸಿ ಬೂದು, ಡಿ ಕೆಂಪುಮಿಶ್ರಿತ ಬೂದು. ಒಂದೊಂದನ್ನೇ ನನ್ನ ಹಲ್ಲಿನ ಪಕ್ಕ ಹಿಡಿದು, "ನಿಮ್ಮ ಬಾಚಿಹಲ್ಲು ಎ2. ಕೋರೆಹಲ್ಲು ಎ3 ಹತ್ತಿರ ಬರುತ್ತೆ. ಇದು ಮಾಮೂಲಿ, ಕೋರೆಹಲ್ಲು ಸಾಮಾನ್ಯವಾಗಿ ಒಂದು ಛಾಯೆ ಗಾಢ" ಅಂದರು. ನನ್ನ ಹಲ್ಲಿನಲ್ಲಿ ಏನೋ ದೋಷ ಇದೆ ಅಂತ ಐದು ವಾರ ಕೊರಗಿದ್ದೆ. ಆ ಎರಡು ಮಾತು ಕೇಳಿ ಮನಸ್ಸು ಹಗುರಾಯಿತು.

ಇನ್ನೊಂದು ವಿಷಯ ನಾನೇ ಹುಡುಕಿ ಓದಿದ್ದು. ಮಿಷೆಲ್ ಯೂಜೆನ್ ಷೆವ್ರಲ್ ಅಂತ ಫ್ರಾನ್ಸಿನ ಒಬ್ಬ ರಸಾಯನಶಾಸ್ತ್ರಜ್ಞ. 1824ರಲ್ಲಿ ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳಲು ಬಂದರು. ಅಲ್ಲಿ ಕಪ್ಪು ಬಣ್ಣ ಸರಿಯಿಲ್ಲ, ಮಂಕಾಗಿದೆ ಅನ್ನುವ ದೂರು ಇತ್ತು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ಏನೂ ತಪ್ಪಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳಿಂದ ಕಪ್ಪು ಹಾಗೆ ಕಾಣುತ್ತಿತ್ತು. ಎರಡು ಬಣ್ಣ ಅಕ್ಕಪಕ್ಕ ಕೂತರೆ ಒಂದು ಇನ್ನೊಂದರ ನೋಟವನ್ನೇ ಬದಲಿಸುತ್ತದೆ ಅಂತ 1839ರಲ್ಲಿ ಅವರು ವಿವರವಾಗಿ ಬರೆದರು. ಬಿಳಿಯ ಪಕ್ಕದ್ದು ಇನ್ನೂ ಮಸುಕಾಗಿ ಕಾಣುತ್ತದೆ, ಗಾಢ ಬಣ್ಣದ ಪಕ್ಕದ್ದು ಇನ್ನೂ ತಿಳಿಯಾಗಿ ಕಾಣುತ್ತದೆ. ಹಲ್ಲಿಗೂ ಇದೇ ಮಾತು. ಹಲ್ಲಿನ ಬಣ್ಣವನ್ನು ನಾನು ಬದಲಿಸಲಾರೆ. ಬ್ರ್ಯಾಕೆಟ್ ಇರುವವರೆಗೆ ಬಿಳಿ ಮಾಡಿಸುವ ಚಿಕಿತ್ಸೆಯೂ ಬೇಡ. ಬ್ರ್ಯಾಕೆಟ್ ಕೆಳಗಿನ ಭಾಗ ಹಾಗೇ ಉಳಿದು, ಸುತ್ತಲಿನದು ಮಾತ್ರ ಬಿಳಿಯಾದರೆ ಕಷ್ಟ. ಹಲ್ಲಿನ ಪಕ್ಕ ಏನು ಕೂರಬೇಕು ಅನ್ನುವುದು ಮಾತ್ರ ನನ್ನ ಕೈಯಲ್ಲಿದೆ.

ಷೆವ್ರಲ್ ಬಗ್ಗೆ ಓದಿದ ಮೇಲೆ, ಮೂರನೇ ಭೇಟಿಗೆ ಮುಂಚೆಯೇ, ನಾನು ಹೊಲಿಗೆ ಡಬ್ಬಿ ತೆಗೆದು ಕೂತೆ.

ಅದರಲ್ಲಿ ಹದಿನೈದು ಹದಿನಾರು ಬಣ್ಣದ ದಾರ ಇತ್ತು. ಒಂದೊಂದರಲ್ಲೂ ಒಂದು ಗೇಣು ಕತ್ತರಿಸಿದೆ. ಭಾನುವಾರ ಬೆಳಿಗ್ಗೆ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಹತ್ತಿರ ಕನ್ನಡಿ ಇಟ್ಟುಕೊಂಡೆ. ದಾರವನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು, ಮೇಲಿನ ಹಲ್ಲಿನ ಸಾಲಿಗೆ ಅಡ್ಡಲಾಗಿ ತಾಗಿಸಿ ನೋಡುವುದು. ತಂಗಿ ಐದಾರು ಅಡಿ ದೂರದಲ್ಲಿ ಕೂತು ನೋಡುವುದು. ಈ ದೂರ ಬಹಳ ಮುಖ್ಯ. ಕನ್ನಡಿಯಲ್ಲಿ ನಾವು ನಮ್ಮ ಹಲ್ಲನ್ನು ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತೇವೆ. ಬೇರೆಯವರು ಯಾರೂ ಹಾಗೆ ನೋಡುವುದಿಲ್ಲ. ಮಾತಾಡುವ ದೂರದಲ್ಲಿ ಹೇಗೆ ಕಾಣುತ್ತದೆ ಅನ್ನುವುದೇ ಲೆಕ್ಕಕ್ಕೆ ಬರುವುದು.

ಹಳದಿ ದಾರ ಹಿಡಿದ ಕೂಡಲೇ ತಂಗಿ ಬೇಡ ಅಂತ ಕೈ ಆಡಿಸಿದಳು. ಚಿನ್ನದ ಬಣ್ಣವೂ ಹಾಗೇ, ಹಲ್ಲಿನಲ್ಲಿರುವ ಹಳದಿಯನ್ನೇ ಎತ್ತಿ ತೋರಿಸಿತು. ಕಂದು ಮತ್ತು ಕಡು ಹಸಿರು ದೂರದಿಂದ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕಂಡವು. ಅಚ್ಚ ಕೆಂಪು ನನಗೆ ಇಷ್ಟದ ಬಣ್ಣ. ಆದರೆ ಹಲ್ಲಿನ ಮೇಲೆ ಅದು ಒಸಡಿನಿಂದ ರಕ್ತ ಬಂದಂತೆ ತೋರಿತು. ಕಪ್ಪು ಹಿಡಿದಾಗ ಹಲ್ಲು ತುಂಬ ಬೆಳ್ಳಗೆ ಕಂಡದ್ದು ನಿಜ. ಆದರೆ ಪ್ರತಿ ಹಲ್ಲಿನ ನಡುವೆ ಒಂದು ಕಪ್ಪು ಚುಕ್ಕಿ ಬಂದರೆ, ಆರು ಅಡಿ ದೂರದಲ್ಲಿ ಹಲ್ಲು ಹುಳುಕಾದಂತೆ ಕಾಣಬಹುದು ಅನ್ನಿಸಿ ಬಿಟ್ಟೆ. ಹಲ್ಲು ತುಂಬ ತಿಳಿ ಬಣ್ಣದ್ದಾಗಿದ್ದು, ತುಟಿ ಗಾಢವಾಗಿರುವವರಿಗೆ ಕಪ್ಪು ಚೆನ್ನಾಗಿ ಒಪ್ಪುತ್ತದೆ. ಕಾಯುವ ಕೋಣೆಯಲ್ಲಿ ಒಬ್ಬ ಹುಡುಗನಿಗೆ ಅದು ಎಷ್ಟು ಚಂದ ಕಂಡಿತ್ತು ಅಂದರೆ, ನಾನು ಎರಡೆರಡು ಸಲ ತಿರುಗಿ ನೋಡಿದ್ದೆ.

ಉಳಿದದ್ದು ನೀಲಿ, ನೇರಳೆ, ಬೂದು, ನವಿಲು ಬಣ್ಣ, ವೈನ್ ಬಣ್ಣ. ಕಡು ನೀಲಿ ಹಿಡಿದಾಗ ತಂಗಿ ಸುಮ್ನೆ ತಲೆಯಾಡಿಸಿದಳು. "ಇದು. ಹಲ್ಲು ಕಾಣ್ತಿದೆ, ದಾರ ಕಾಣ್ತಿಲ್ಲ" ಅಂದಳು. ದಾರ ಕಾಣುತ್ತಿತ್ತು ಅನ್ನುವುದು ಅವಳಿಗೂ ಗೊತ್ತು. ಆದರೆ ಅವಳು ಹೇಳಿದ್ದು ಸರಿ. ಒಪ್ಪುವ ಬಣ್ಣ ಅಂದರೆ ಇದೇ ಅಂತ ನನಗೂ ಆಗಲೇ ತಿಳಿದದ್ದು. ಮರೆಮಾಚುವ ಬಣ್ಣವನ್ನೇ ನಾನು ಅಷ್ಟು ದಿನ ಹುಡುಕಿದ್ದೆ. ಲೋಹದ ಬ್ರ್ಯಾಕೆಟ್‌ಗಳನ್ನು ಯಾವ ಉಂಗುರವೂ ಮುಚ್ಚಲಾರದು. ಕಣ್ಣನ್ನು ಹಲ್ಲಿನ ಕಡೆ ಕಳಿಸುವ ಬಣ್ಣ ಬೇಕು.

ಮೂರನೇ ಭೇಟಿಗೆ ಕಡು ನೀಲಿ ದಾರದ ತುಂಡನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋದೆ. ಅಸಿಸ್ಟೆಂಟ್ ದಾರ ನೋಡಿ ನಕ್ಕರು. "ಹೀಗೆ ಎಲ್ಲರೂ ತಂದ್ರೆ ನಮಗೆಷ್ಟು ಅನುಕೂಲ" ಅಂದರು. ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಕಡ್ಡಿಯಲ್ಲಿ ಇರುವಾಗ ಉಂಗುರ ಎಳೆದಿರುವುದಿಲ್ಲ, ಬಣ್ಣ ದಟ್ಟವಾಗಿ ಕಾಣುತ್ತದೆ. ಬ್ರ್ಯಾಕೆಟ್ ಸುತ್ತ ಎಳೆದು ಸಿಕ್ಕಿಸಿದಾಗ ತೆಳ್ಳಗಾಗಿ ಬಣ್ಣ ತಿಳಿಯಾಗುತ್ತದೆ. ಹಾಗಾಗಿ ಬೇಕಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಗಾಢವಾದದ್ದನ್ನು ಆರಿಸಬೇಕು. ದಾರಕ್ಕೆ ಸರಿಹೊಂದುವ ನೀಲಿ ಬಿಟ್ಟು ಅದಕ್ಕಿಂತ ಗಾಢವಾದದ್ದನ್ನು ಹಾಕಿದರು. ಒಂದೇ ಹಲ್ಲಿಗೆ ಹಾಕಿ, ಕನ್ನಡಿ ಕೊಟ್ಟು, "ನೋಡಿ, ಬೇಡ ಅಂದ್ರೆ ಈಗಲೇ ಹೇಳಿ" ಅಂದರು. ಒಂದು ಉಂಗುರ ತೆಗೆಯುವುದು ಕ್ಷಣದ ಕೆಲಸ, ಇಪ್ಪತ್ತೂ ಹಾಕಿದ ಮೇಲೆ ತೆಗೆಸುವುದು ಕಷ್ಟ. ಹೀಗೆ ಒಂದಕ್ಕೆ ಮೊದಲು ಹಾಕಿ ತೋರಿಸಿ ಅಂತ ಕೇಳಬಹುದು. ಸಂಕೋಚ ಬೇಡ.

ಆ ಐದು ವಾರ ಚೆನ್ನಾಗಿ ಕಳೆಯಿತು. ಕೈ ಅಡ್ಡ ಹಿಡಿಯುವುದು ಯಾವಾಗ ನಿಂತಿತು ಅಂತ ನನಗೇ ಗೊತ್ತಾಗಲಿಲ್ಲ. ಕಾಫಿ ಕಲೆ ಕಡು ನೀಲಿಯ ಮೇಲೆ ಕಾಣಲೇ ಇಲ್ಲ. ಎರಡು ದಿನ ಹಲ್ಲು ನೋಯುತ್ತಿತ್ತು, ಅದು ಪ್ರತಿ ಸಲ ಇದ್ದದ್ದೇ.

ಇಷ್ಟಾದ ಮೇಲೆ ಧೈರ್ಯ ಬಂದು ನಾಲ್ಕನೇ ಭೇಟಿಗೆ ಎರಡು ಬಣ್ಣ ಕೇಳಿದೆ. ಒಂದು ಹಲ್ಲಿಗೆ ಕಡು ನೀಲಿ, ಪಕ್ಕದ್ದಕ್ಕೆ ಆಕಾಶನೀಲಿ. ಹತ್ತಿರದಿಂದ ಅದು ಚಂದವಾಗಿಯೇ ಇತ್ತು. ದೂರ ಹೋದಂತೆ ಎರಡೂ ಕಲೆತು ಒಂದು ಮಬ್ಬು ನೀಲಿಯಾಯಿತು. ಅದಕ್ಕಿಂತ ಮುಖ್ಯ, ಆಕಾಶನೀಲಿ ಇದ್ದ ಹಲ್ಲುಗಳು ಹಳದಿಯಾಗಿ ಕಂಡವು. ನೀಲಿ ಹಾಕಿದರೆ ಹಲ್ಲು ಬೆಳ್ಳಗೆ ಕಾಣುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ಬೆಳ್ಳಗೆ ತೋರಿಸುವುದು ನೀಲಿಯ ಗಾಢತೆ. ತಿಳಿಯಾಗಿ ಹೊಳೆಯುವ ನೀಲಿಯ ಪಕ್ಕದಲ್ಲಿ ಕಣ್ಣು ಅದರ ವಿರುದ್ಧದ ಬಣ್ಣವನ್ನು, ಅಂದರೆ ಹಳದಿಯನ್ನು, ಇರುವುದಕ್ಕಿಂತ ಜಾಸ್ತಿಯೇ ಕಾಣುತ್ತದೆ. ಇದನ್ನು ಓದಿ ಗೊತ್ತಿದ್ದರೂ ನನ್ನ ಬಾಯಲ್ಲೇ ನೋಡಿದ ಮೇಲೆ ನಂಬಿಕೆ ಬಂತು. ತಿಳಿ ಗುಲಾಬಿ, ತಿಳಿ ಹಸಿರು ಎಲ್ಲಕ್ಕೂ ಇನ್ನೊಂದು ತೊಂದರೆ ಇದೆ. ತಿಳಿ ಬಣ್ಣಗಳಿಗೆ ಕಲೆ ಬೇಗ ಹತ್ತುತ್ತದೆ.

ಎರಡು ಬಣ್ಣ ಬೇಕೇ ಬೇಕು ಅನ್ನುವವರಿಗೆ ನನ್ನ ಅನುಭವದ ಸಲಹೆ ಒಂದೇ. ಎರಡೂ ಒಂದೇ ಗಾಢತೆಯವಾಗಿರಲಿ. ಕಡು ನೀಲಿಗೆ ಕಡು ನೇರಳೆ ಜೊತೆಯಾದರೆ ಸೊಗಸು. ಇಲ್ಲವಾದರೆ ಮೇಲಿನ ಸಾಲಿಗೆ ಒಂದು, ಕೆಳಗಿನ ಸಾಲಿಗೆ ಬೂದು. ನಗುವಾಗ ಬಹುಪಾಲು ಜನರಿಗೆ ಕಾಣುವುದು ಮೇಲಿನ ಸಾಲು, ಅದರಲ್ಲೂ ಕೋರೆಯಿಂದ ಕೋರೆವರೆಗಿನ ಆರು ಹಲ್ಲು. ಬಣ್ಣ ಅಲ್ಲಿದ್ದರೆ ಸಾಕು.

ಐದನೇ ಭೇಟಿಯ ಬಣ್ಣ ವೈನ್. ಇದರ ಹಿಂದೆ ಒಂದು ಕಾರಣ ಇತ್ತು. ಆ ತಿಂಗಳು ನೂರಾರು ಜನರ ಮುಂದೆ ನಿಂತು ಮಾತಾಡುವ ಒಂದು ಕೆಲಸ ನನ್ನ ಪಾಲಿಗೆ ಬಂದಿತ್ತು. ತುಟಿಗೆ ಹೊಂದುವ ಬಣ್ಣ ಇರಲಿ ಅಂದುಕೊಂಡೆ. ನನ್ನ ತುಟಿ ಸ್ವಲ್ಪ ಗಾಢ, ಒಸಡಿನ ಮೇಲೂ ಅಲ್ಲಲ್ಲಿ ಕಂದು ಛಾಯೆ ಇದೆ. ಒಸಡು ಎಲ್ಲರಿಗೂ ಗುಲಾಬಿಯೇ ಇರಬೇಕಿಲ್ಲ. ಚರ್ಮದ ಹಾಗೆ ಅಲ್ಲೂ ಮೆಲನಿನ್ ಇರುತ್ತದೆ, ಅದು ಕಾಯಿಲೆ ಅಲ್ಲ. ಇಂಥ ಬಾಯಿಗೆ ವೈನ್ ಬಣ್ಣ ಎಷ್ಟು ಚೆನ್ನಾಗಿ ಕೂತಿತು ಅಂದರೆ, ತುಟಿಯದೇ ಮುಂದುವರಿಕೆ ಅನ್ನುವ ಹಾಗಿತ್ತು. ಎದ್ದು ಕಾಣಲಿಲ್ಲ, ಮಂಕಾಗಿಯೂ ಇರಲಿಲ್ಲ. ಆದರೆ ನಾಲ್ಕನೇ ವಾರದಲ್ಲಿ ಅದೇ ಬಣ್ಣ ನನ್ನನ್ನು ಎಚ್ಚರಿಸಿತು. ಕೆಲಸದ ಗಡಿಬಿಡಿಯಲ್ಲಿ ರಾತ್ರಿ ಬ್ರಶ್ ಮಾಡುವುದನ್ನು ಅವಸರದಲ್ಲಿ ಮುಗಿಸುತ್ತಿದ್ದೆ. ಒಸಡು ಊದಿಕೊಂಡು ಕೆಂಪಾಯಿತು. ವೈನ್ ಉಂಗುರದ ಪಕ್ಕ ಆ ಕೆಂಪು ಇನ್ನೂ ಕೆಂಪಾಗಿ ಕಂಡಿತು. ಡಾಕ್ಟರ್ ಬೈಯಲಿಲ್ಲ. ಸಣ್ಣ ಬ್ರಶ್ ತೆಗೆದುಕೊಂಡು, ತಂತಿಯ ಕೆಳಗಿನಿಂದ ತೂರಿಸಿ ಬ್ರ್ಯಾಕೆಟ್ ಸುತ್ತ ಹೇಗೆ ಉಜ್ಜಬೇಕು ಅಂತ ಮತ್ತೊಮ್ಮೆ ತೋರಿಸಿದರು. "ಇಲ್ಲಿ ಪದರ ಕಟ್ಟಿ ಹಾಗೇ ಬಿಟ್ರೆ ಕ್ಲಿಪ್ ತೆಗೆದ ಮೇಲೆ ಬ್ರ್ಯಾಕೆಟ್ ಇದ್ದ ಜಾಗದ ಸುತ್ತ ಸುಣ್ಣದಂಥ ಬಿಳಿ ಮಚ್ಚೆ ಉಳಿಯುತ್ತೆ. ಅದನ್ನ ಯಾವ ಬಣ್ಣವೂ ಮುಚ್ಚಲ್ಲ" ಅಂದರು. ಅವತ್ತಿನಿಂದ ರಾತ್ರಿಯ ಹತ್ತು ನಿಮಿಷ ಅದಕ್ಕೇ ಮೀಸಲು.

ಆರನೇ ಭೇಟಿಯಲ್ಲಿ ಲೆಕ್ಕವೇ ಬದಲಾಯಿತು. ಸಂದಿ ಮುಚ್ಚಲು ಬಿಡಿ ಉಂಗುರದ ಬದಲು ಸರಪಳಿ ಹಾಕಿದರು. ಪವರ್ ಚೈನ್ ಅನ್ನುತ್ತಾರೆ. ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಪಟ್ಟಿಯಂತೆ ಇರುತ್ತವೆ. ಇದರಲ್ಲಿ ಬಣ್ಣ ಬ್ರ್ಯಾಕೆಟ್ ಸುತ್ತ ಮಾತ್ರ ಇರುವುದಿಲ್ಲ, ನಡುವಿನ ಜಾಗದಲ್ಲೂ ಹರಿಯುತ್ತದೆ. ಚುಕ್ಕಿ ಹೋಗಿ ಗೆರೆಯಾಗುತ್ತದೆ. ಬಿಡಿ ಉಂಗುರದಲ್ಲಿ ಚೆಲುವಾಗಿದ್ದ ಕಡು ನೀಲಿ, ಸರಪಳಿಯಾದಾಗ ಹಲ್ಲಿನ ಮೇಲೆ ಪೆನ್ನಿನಿಂದ ಗೀಟು ಎಳೆದ ಹಾಗೆ ಕಾಣಬಹುದು ಅಂತ ಅಸಿಸ್ಟೆಂಟ್ ಮೊದಲೇ ಹೇಳಿದರು. ಬೂದು ಹಾಕಿಸಿದೆ. ಬೂದು ಬ್ರ್ಯಾಕೆಟ್‌ನ ಲೋಹದಲ್ಲೇ ಬೆರೆತುಹೋಗುತ್ತದೆ, ಕಲೆಯೂ ಹೆಚ್ಚು ಕಾಣುವುದಿಲ್ಲ. ಕಣ್ಣಿಗೆ ಬೀಳದಿದ್ದರೆ ಸಾಕು ಅನ್ನುವವರಿಗೆ ನಿಜಕ್ಕೂ ಬೇಕಾದ ಬಣ್ಣ ಇದು, ಪಾರದರ್ಶಕವೂ ಅಲ್ಲ, ಬಿಳಿಯೂ ಅಲ್ಲ. ಮೊದಲ ದಿನ ಯಾರಾದರೂ ನನಗೆ ಇಷ್ಟು ಹೇಳಿದ್ದರೆ ಹತ್ತು ವಾರ ಉಳಿಯುತ್ತಿತ್ತು. ಹಲ್ಲಿನ ಬಣ್ಣದ ಸೆರಾಮಿಕ್ ಬ್ರ್ಯಾಕೆಟ್ ಇದ್ದರೆ ಮಾತು ಬೇರೆ. ಅಲ್ಲಿ ಬೆರೆಯಲು ಲೋಹವೇ ಇರುವುದಿಲ್ಲ, ಬೂದು ಎದ್ದು ಕಂಡೀತು.

ಚರ್ಮದ ಬಣ್ಣ ನೋಡಿ ಆರಿಸಬೇಕು ಅಂತ ಹಲವರು ಹೇಳುತ್ತಾರೆ. ಮಣಿಕಟ್ಟಿನ ನರ ಹಸಿರಾಗಿ ಕಂಡರೆ ಬೆಚ್ಚಗಿನ ಬಣ್ಣ, ನೀಲಿಯಾಗಿ ಕಂಡರೆ ತಂಪು ಬಣ್ಣ ಅನ್ನುವ ಲೆಕ್ಕ. ನಾನೂ ಮಾಡಿ ನೋಡಿದೆ. ಬಟ್ಟೆಗೆ ಅದು ಸರಿ ಇರಬಹುದು. ಹಲ್ಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಉಂಗುರದ ಪಕ್ಕದಲ್ಲಿ ಇರುವುದು ಹಲ್ಲು. ಅದರ ಆಚೆ ಒಸಡು, ಆಮೇಲೆ ತುಟಿ, ಕೊನೆಗೆ ಚರ್ಮ. ಈ ಕ್ರಮದಲ್ಲೇ ನೋಡಬೇಕು. ಬಟ್ಟೆಗೆ ಹೊಂದಿಸುವ ಯೋಚನೆಯಂತೂ ಬೇಡ. ದಿನಾ ಬಟ್ಟೆ ಬದಲಾಗುತ್ತದೆ, ಉಂಗುರ ಬದಲಾಗುವುದಿಲ್ಲ. ತುಟಿಗೆ ಬಣ್ಣ ಹಚ್ಚುವವರು ತಾವು ಹೆಚ್ಚಾಗಿ ಹಚ್ಚುವ ಬಣ್ಣವನ್ನು ಹಚ್ಚಿಕೊಂಡೇ ದಾರ ಹಿಡಿದು ನೋಡಿದರೆ ಒಳ್ಳೆಯದು.

ಫೋನಿನಲ್ಲಿ ಫೋಟೋ ತೆಗೆದು ನೋಡುವುದರಲ್ಲೂ ಒಂದು ಎಚ್ಚರ ಬೇಕು. ಫ್ಲ್ಯಾಶ್ ಹಾಕಿದರೆ ಬ್ರ್ಯಾಕೆಟ್ ಹೊಳೆದು ಬಣ್ಣವೇ ಕಾಣುವುದಿಲ್ಲ. ರಾತ್ರಿಯ ಹಳದಿ ದೀಪದಲ್ಲಿ ಎಲ್ಲವೂ ಹಳದಿ. ಕಿಟಕಿ ಬೆಳಕಿನಲ್ಲಿ, ಕೆನ್ನೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು ತೆಗೆದರೆ, ಫೋಟೋದಲ್ಲಿ ಆ ಹಾಳೆ ಬೆಳ್ಳಗೇ ಇದೆಯಾ ಅಂತ ನೋಡಿ ಉಳಿದ ಬಣ್ಣವನ್ನು ಎಷ್ಟು ನಂಬಬಹುದು ಅಂತ ತಿಳಿಯಬಹುದು. ಪ್ರತಿ ಭೇಟಿಯ ಎರಡು ದಿನದ ನಂತರ ಒಂದು, ಮುಂದಿನ ಭೇಟಿಯ ಹಿಂದಿನ ದಿನ ಒಂದು, ಹೀಗೆ ಎರಡು ಫೋಟೋ ಇಟ್ಟಿದ್ದೇನೆ. ಮೊದಲನೆಯದು ಬಣ್ಣ ಹೇಗಿದೆ ಅಂತ ಹೇಳುತ್ತದೆ, ಎರಡನೆಯದು ಅದು ಹೇಗೆ ಬಾಳಿತು ಅಂತ. ಎರಡನ್ನೂ ನೋಡದೆ ನಾನು ಈಗ ಯಾವ ಬಣ್ಣಕ್ಕೂ ಅಂಕ ಕೊಡುವುದಿಲ್ಲ. ಆ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದಾಗ ಬಣ್ಣದ ಜೊತೆ ಹಲ್ಲೂ ಒಂದೊಂದೇ ಜಾಗಕ್ಕೆ ಬರುತ್ತಿರುವುದು ಕಾಣುತ್ತದೆ. ಅಡ್ಡ ನಿಂತಿದ್ದ ನನ್ನ ಎಡಗಡೆಯ ಕೋರೆಹಲ್ಲು ಕಡು ನೀಲಿಯ ಫೋಟೋದಲ್ಲಿ ಇನ್ನೂ ಮೇಲಿದೆ, ವೈನ್ ಫೋಟೋದಲ್ಲಿ ಸಾಲಿಗೆ ಇಳಿದಿದೆ.

ಬಣ್ಣದಿಂದ ಚಿಕಿತ್ಸೆಗೆ ಏನಾದರೂ ವ್ಯತ್ಯಾಸ ಆಗುತ್ತದಾ ಅಂತ ಒಮ್ಮೆ ಡಾಕ್ಟರನ್ನೇ ಕೇಳಿದ್ದೆ. "ಹಲ್ಲು ಸರಿಸೋದು ತಂತಿ. ಬಣ್ಣ ನಿಮ್ಮ ಖುಷಿಗೆ" ಅಂದರು. ಆಮೇಲೆ ಒಂದು ಮಾತು ಸೇರಿಸಿದರು. ಬಣ್ಣ ಇಷ್ಟವಾದವರು ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರಂತೆ, ಬ್ರಶ್ಶೂ ಚೆನ್ನಾಗಿ ಮಾಡುತ್ತಾರಂತೆ. ನನ್ನ ಮಟ್ಟಿಗೆ ಅದು ನಿಜ.

ಈಗ ಒಂಬತ್ತು ಭೇಟಿ ಮುಗಿದಿದೆ. ಏಳನೆಯದಕ್ಕೆ ನವಿಲು ಬಣ್ಣ ಹಾಕಿಸಿದ್ದೆ, ಅದೂ ಗಾಢವಾದದ್ದು, ತುಂಬ ಇಷ್ಟವಾಯಿತು. ಎಂಟಕ್ಕೆ ಮತ್ತೆ ಕಡು ನೀಲಿ. ಒಂಬತ್ತಕ್ಕೆ ಎರಡು ಹಲ್ಲಿಗೆ ಮಾತ್ರ ಸ್ಟೀಲ್ ತಂತಿಯಿಂದ ಕಟ್ಟಿದರು, ಆ ಹಲ್ಲು ಇನ್ನೂ ಸ್ವಲ್ಪ ತಿರುಗಬೇಕಿದೆ, ಬಿಗಿ ಸಡಿಲವಾಗಬಾರದು ಅಂತ. ಉಳಿದ ಹಲ್ಲಿಗೆ ಬೂದು ಕೇಳಿದೆ. ಎರಡು ಹಲ್ಲು ಲೋಹ, ಮಿಕ್ಕಿದ್ದು ನೀಲಿ ಆಗಿದ್ದರೆ ಆ ಎರಡು ಹಲ್ಲು ಬಿದ್ದಹಾಗೆ ಕಾಣುತ್ತಿದ್ದವು. ಬೂದು ಹಾಕಿದ್ದರಿಂದ ಎಲ್ಲ ಒಂದೇ ಸಾಲಾಗಿದೆ.

ಮುಂದಿನ ವಾರ ಹತ್ತನೇ ಭೇಟಿ. ತಂಗಿಗೂ ಕ್ಲಿಪ್ ಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಅವಳ ಹಲ್ಲು ನನ್ನದಕ್ಕಿಂತ ತಿಳಿ, ಒಸಡು ಹೆಚ್ಚು ಗುಲಾಬಿ. ನಿನ್ನೆ ಸಂಜೆ ಬೆಳಕು ಹೋಗುವ ಮುಂಚೆ ಹೊಲಿಗೆ ಡಬ್ಬಿ ತಂದು ಕಿಟಕಿ ಹತ್ತಿರ ಕೂತಳು. ಈ ಸಲ ಆರು ಅಡಿ ದೂರದಲ್ಲಿ ಕೂತದ್ದು ನಾನು. ಕಪ್ಪು ದಾರ ಅವಳಿಗೆ ಒಪ್ಪಿತು.